ನರಿ ಮುಟ್ಟದ ಬಳ್ಳಿ

ಸೌತೆಕಾಯಿಯ ತೊಟ್ಟು ಕೊಯ್ಯಬೇಕು. ಕೊಯ್ದ ತುಂಡನ್ನೇ ಕಾಯಿಯ ಮೇಲಿಟ್ಟು ಗರಗರ ಉಜ್ಜಬೇಕು. ಬಿಳಿ ನೊರೆ ಬರುತ್ತದೆ. ನೊರೆಯನ್ನೂ ತುಂಡನ್ನೂ ಎಸೆದು ಆಮೇಲೆ ಕಾಯಿ ಹೆಚ್ಚಬೇಕು. ಕಹಿ ಇಳಿಯಲಿ ಎಂದು ಮಾಡುವ ಈ ಕೆಲಸವನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸುವುದಿಲ್ಲ. ತಾಯಿ ಮಾಡುತ್ತಾಳೆ, ಮಗಳು ನೋಡುತ್ತಾಳೆ, ಅಷ್ಟೆ. ಹೊಸಕೋಟೆ ಕಡೆಯ ಹಳ್ಳಿಯಿಂದ ಕೆಂಪಾಂಬುಧಿ ಕೆರೆಯ ಹಿಂದಿನ ತರಕಾರಿ ತೋಟಕ್ಕೆ ಸೊಸೆಯಾಗಿ ಬಂದ ಅಂಜನಮ್ಮ, ಬಂದ ವಾರದಲ್ಲೇ ಹೀಗೆ ಕೂತು ಸೌತೆಕಾಯಿ ಉಜ್ಜುತ್ತಿದ್ದಳು. ಮನೆಯವರೆಲ್ಲ ಬಂದು ಸುತ್ತ ನಿಂತು ನೋಡಿದರು.

“ಅದೇನಮ್ಮಿ, ಸೌತೆಕಾಯಿಗೆ ಸೀಗೇಕಾಯಿ ಹಾಕಿ ತಲೆ ಉಜ್ತಿದೀಯಾ?” ಎಂದಳು ಅತ್ತೆ ಸಪ್ಪಲಮ್ಮ.

ಎಲ್ಲರೂ ನಕ್ಕರು. ಗಂಡ ಬಚ್ಚಪ್ಪನೂ ನಕ್ಕ. ಹೊಸ ಸೊಸೆ ತಲೆ ತಗ್ಗಿಸಿ ಒಂದು ಹೋಳು ಬಾಯಿಗಿಟ್ಟುಕೊಂಡಳು. ಉಜ್ಜಿದ್ದೆಲ್ಲ ದಂಡವಾಗಿತ್ತು. ಕಹಿ ನಾಲಿಗೆಯ ಬುಡದಿಂದ ಹೊರಟು ಕಿವಿಯವರೆಗೆ ಹೋಯಿತು, ಕಣ್ಣಲ್ಲಿ ನೀರು ಬಂತು. ಸುತ್ತ ನೋಡಿದರೆ ಅತ್ತೆ, ಗಂಡ, ನಾದಿನಿ, ಎಲ್ಲರೂ ಅದೇ ಕಾಯಿಯ ಹೋಳುಗಳನ್ನು ಉಪ್ಪು ಕಾರ ಕೂಡ ಇಲ್ಲದೆ ಕರಕರ ಅಗಿಯುತ್ತಿದ್ದರು. ಹೊಸಬಳನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡು ಅಂಜನಮ್ಮ ನುಂಗಿದಳು.

ಪರೀಕ್ಷೆಯಾಗಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಇದು ಮುಗಿಯಲಿಲ್ಲ. ಮಾರನೆಯ ದಿನವೂ ಅದೇ ಕಹಿ, ಅದೇ ಕರಕರ. ಕೊನೆಗೊಂದು ದಿನ ಅವಳು ಬಾಯಿಬಿಟ್ಟು, “ಅತ್ತೆ, ಈ ಕಾಯಿ ಕಹಿ” ಎಂದಳು. ಅತ್ತೆ ಒಂದು ಹೋಳು ತಿಂದಳು. ಇನ್ನೊಂದು ತಿಂದಳು. ಸೊಸೆಯ ಮುಖ ನೋಡಿ, “ನಾಲಿಗೆ ಒಳ್ಳೇದಾದ್ರೆ ನಾಡೆಲ್ಲ ಒಳ್ಳೇದು ಕಣಮ್ಮಿ” ಎಂದು ಎದ್ದು ಹೋದಳು.

ಆ ಗಾದೆ ಹುಟ್ಟಿದ್ದು ಮಾತಿನ ಬಗ್ಗೆ. ಅದನ್ನು ಸೌತೆಕಾಯಿಗೆ ತಂದು ಹಚ್ಚಿದ ಮೇಲೆ ಸೊಸೆ ಏನು ತಾನೇ ಹೇಳಬೇಕು?

ಆ ಮನೆಯಲ್ಲಿ ಹೊರಗಿನಿಂದ ಹೆಣ್ಣು ತರುವ ರೂಢಿಯೇ ಇರಲಿಲ್ಲ. ಸಪ್ಪಲಮ್ಮ ತನ್ನ ಸೋದರಮಾವನನ್ನೇ ಕಟ್ಟಿಕೊಂಡವಳು, ಹಾಗಾಗಿ ಅವಳಿಗೆ ಅಜ್ಜಿಯೂ ಅತ್ತೆಯೂ ಒಬ್ಬಳೇ. ಆ ಅಜ್ಜಿಯದೂ ಅಂಥದೇ ಮದುವೆ. ತೋಟ ಒಡೆಯಬಾರದು, ಬೀಜ ಬೇರೆ ಕೈ ಸೇರಬಾರದು ಎಂಬ ಲೆಕ್ಕಾಚಾರ. ಬಚ್ಚಪ್ಪನಿಗೂ ಅಕ್ಕನ ಮಗಳು ಎಂದು ತೊಟ್ಟಿಲಲ್ಲೇ ನಿಶ್ಚಯವಾಗಿತ್ತು. ಸಾವಿರದ ಎಂಟುನೂರ ತೊಂಬತ್ತೆಂಟರ ಪ್ಲೇಗಿನಲ್ಲಿ ಆ ಹುಡುಗಿಯೂ ಅವಳ ತಾಯಿಯೂ ಹೋದರು. ಬೇರೆ ದಾರಿಯಿಲ್ಲದೆ ಹೊರಗಿನ ಅಂಜನಮ್ಮ ಬಂದಳು. ಇವನ ಮೂಗು ತಾತನದು, ಇವಳ ಕಿವಿ ಮಾವನದು ಎಂದು ಮಕ್ಕಳನ್ನು ಕೂರಿಸಿಕೊಂಡು ಹಂಚಿಕೆ ಮಾಡುವ ಜನ, ನಾಲಿಗೆ ಯಾರದು ಎಂದು ಮಾತ್ರ ಕೇಳುವುದಿಲ್ಲ. ಅದು ಒಳಗಿರುವುದಲ್ಲವೇ, ಕಾಣುವುದಿಲ್ಲ.

ಸೊಸೆಗೆ ಪಿತ್ತ ಎಂದರು. ಕಷಾಯ ಕುಡಿಸಿದರು. ಬಸುರಿ ಇರಬಹುದು ಎಂದು ಕಾದರು. ಯುಗಾದಿಯ ದಿನ ಅವಳಿಗೊಂದು ಆಸೆ ಹುಟ್ಟಿತು. ಇವರ ನಾಲಿಗೆಗೆ ಕಹಿಯೇ ತಿಳಿಯುವುದಿಲ್ಲವೇನೋ, ಬೇವು ತಿನ್ನುವಾಗ ನೋಡೋಣ ಎಂದು ಎಲ್ಲರ ಮುಖವನ್ನೇ ನೋಡುತ್ತಾ ನಿಂತಳು. ಬೇವಿನ ಹೂವು ನಾಲಿಗೆಗೆ ಬಿದ್ದದ್ದೇ ತಡ, ಅತ್ತೆ ಮುಖ ಹಿಂಡಿದಳು, ಬಚ್ಚಪ್ಪ ಬೆಲ್ಲದ ಬಟ್ಟಲಿಗೆ ಕೈ ಹಾಕಿದ. ಬೇವಿನ ಕಹಿ ಎಲ್ಲರಿಗೂ ಗೊತ್ತು, ಸೌತೆಕಾಯಿಯ ಕಹಿ ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಇದೆಂಥ ನ್ಯಾಯ? ಒಂದು ಬಾಗಿಲಿಗೆ ಬೀಗ, ಪಕ್ಕದ ಬಾಗಿಲು ತೆರೆದೇ ಇದೆ.

“ನೋಡಿದ್ಯಾ?” ಎಂದಳು ಸಪ್ಪಲಮ್ಮ. “ನಮ್ ನಾಲಿಗೇಲಿ ಏನೂ ಕೊರತೆ ಇಲ್ಲ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರಲ್ಲ, ಹಂಗಾಗೈತೆ ನಿಂಗೆ.”

ಅಲ್ಲಿಂದ ಅವಳಿಗೆ ‘ಕಹಿಬಾಯಿ ಅಂಜನಿ’ ಎಂಬ ಹೆಸರು ಬಿತ್ತು. ಹೆಸರು ಬಿದ್ದ ಮೇಲೆ ಏನು ಹೇಳಿದರೂ ಅದಕ್ಕೇ ಸೇರಿತು. ಸಾರಿಗೆ ಉಪ್ಪು ಕಡಿಮೆ ಎಂದರೂ ಕಹಿಬಾಯಿ, ಬಾವಿಯ ಹಗ್ಗ ಸವೆದಿದೆ ಎಂದರೂ ಕಹಿಬಾಯಿ. ಒಂದು ಮಧ್ಯಾಹ್ನ ಅವಳು ಕೊಟ್ಟಿಗೆಯ ಹಸುವಿಗೆ ಎರಡು ಕಾಯಿ ಒಡೆದು ಹಾಕಿದಳು. ಹಸು ಮೂಸಿ ನೋಡಿ, ನಾಲಿಗೆಯ ತುದಿ ತಾಗಿಸಿ, ಮುಖ ತಿರುಗಿಸಿತು. ಗಂಡನನ್ನು ಕೂಗಿ ಕರೆದು ತೋರಿಸಿದಳು. ಬಚ್ಚಪ್ಪ ಹಸುವನ್ನೂ ಹೆಂಡತಿಯನ್ನೂ ನೋಡಿ, “ಅದಕ್ಕೆ ಹೊಟ್ಟೆ ತುಂಬೈತೆ” ಎಂದ. ಒಳ್ಳೆಯವನೇ. ತಾಯಿ ಹೆಂಡತಿ ಇಬ್ಬರ ಎದುರಿಗೂ ಹೌದು ಎನ್ನುವ ಜಾತಿಯ ಒಳ್ಳೆಯವನು. ಅಂಥವನಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ಸಪ್ಪಲಮ್ಮ ಕೆಟ್ಟವಳಲ್ಲ ಎಂಬುದು ಅಂಜನಮ್ಮನಿಗೆ ಎಲ್ಲಕ್ಕಿಂತ ದೊಡ್ಡ ತಲೆನೋವಾಗಿತ್ತು. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಮಲಗಬಹುದಿತ್ತು. ಆ ಮುದುಕಿ ಜೀವಮಾನದಲ್ಲಿ ತಕ್ಕಡಿಗೆ ಬೆರಳು ತಾಗಿಸಿದವಳಲ್ಲ. ನಿನ್ನೆಯ ಸೊಪ್ಪನ್ನು ಇವತ್ತಿನದು ಎಂದವಳಲ್ಲ. “ನಮ್ಮನೇಲಿ ಸುಳ್ ಹೇಳೋರು ಹುಟ್ಟಿಲ್ಲ” ಎಂಬುದು ಅವಳ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರಬೇಕು. ಚಾಮರಾಜಪೇಟೆಯಿಂದ ಯಾರಾದರೂ ಸೌತೆಕಾಯಿ ಹಿಂದಕ್ಕೆ ತಂದು ಕಹಿ ಎಂದರೆ, ಅವರ ಎದುರಿಗೇ ಕಚ್ಚಿ, ಅಗಿದು, “ನನ್ ಬಾಯಿಗೆ ಸಕ್ಕರೆ ಇದ್ದಂಗೈತೆ, ನಿಮ್ ಬಾಯಿ ನೋಡ್ಕಳಿ” ಎನ್ನುತ್ತಿದ್ದಳು. ಅವಳು ಹೇಳುವುದು ನಿಜ, ಅವರು ಹೇಳುವುದೂ ನಿಜ. ಎರಡು ನಿಜಗಳ ನಡುವೆ ಕುಕ್ಕೆ ಹೊತ್ತು ನಿಂತ ಸೊಸೆಗೆ ಮಾತ್ರ ಕುತ್ತಿಗೆ ನೋವು.

ಬೀಜದ ಸಂಗತಿ ತಿಳಿದದ್ದು ಎರಡನೆಯ ಬೇಸಿಗೆಯಲ್ಲಿ. ಗವೀಪುರದ ಬಂಡೆಗಳಿಂದ ನರಿಗಳು ಇಳಿದು ಬಂದು ತೋಟದಲ್ಲಿ ಎಳೆಗಾಯಿ ತಿಂದು ಹೋಗುವುದು ಮಾಮೂಲು. ಹಗಲು ಅಳಿಲಿನ ಕಾಟ. ಬೆಳಿಗ್ಗೆ ಎದ್ದು ಸಪ್ಪಲಮ್ಮ ಸಾಲು ಸಾಲು ನೋಡಿಕೊಂಡು ಬರುತ್ತಿದ್ದಳು. ಯಾವ ಬಳ್ಳಿಯ ಕಾಯಿಯನ್ನು ನರಿಯಾಗಲಿ ಅಳಿಲಾಗಲಿ ಮುಟ್ಟಿಲ್ಲವೋ ಆ ಬಳ್ಳಿಗೆ ಅರಿಶಿನದ ದಾರ ಕಟ್ಟಿ ಕೈ ಮುಗಿಯುತ್ತಿದ್ದಳು. ಅದು ಗ್ರಾಮದೇವತೆ ಅಮ್ಮ ಕಾವಲಿರುವ ಬಳ್ಳಿ. ಅದರ ಕಾಯಿಯನ್ನು ಹಣ್ಣಾಗಲು ಬಿಟ್ಟು ಮುಂದಿನ ವರ್ಷಕ್ಕೆ ಬೀಜ ತೆಗೆಯಬೇಕು. ಅವಳ ಅಜ್ಜಿಯ ಕಾಲದಿಂದ ನಡೆದು ಬಂದ ಪದ್ಧತಿ.

ಅಂಜನಮ್ಮ ದಾರ ಕಟ್ಟಿದ ಬಳ್ಳಿಯಿಂದ ಒಂದು ಕಾಯಿ ಕಿತ್ತು ತಿಂದಳು. ಉಗಿದಳು. ಪಕ್ಕದ ಸಾಲಿನಲ್ಲಿ ನರಿ ಅರ್ಧ ತಿಂದು ಬಿಟ್ಟ ಕಾಯಿಯನ್ನು ನೋಡಿದಳು. ಅದೇ ಬಳ್ಳಿಯ ಇನ್ನೊಂದು ಕಾಯಿ ಕಿತ್ತು ತಿಂದಳು. ಎಳನೀರಿನಷ್ಟು ಸಿಹಿ. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು. ಈ ಮನೆಯಲ್ಲಿ ತನ್ನಂಥ ನಾಲಿಗೆ ಇರುವುದು ನರಿಗೊಂದಕ್ಕೇ ಎಂದು ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ತಲೆತಲಾಂತರದಿಂದ ಇವರು ಕಹಿಯನ್ನೇ ಆರಿಸಿ, ಕಹಿಯನ್ನೇ ಬಿತ್ತಿ, ಕಹಿಗೇ ಕೈ ಮುಗಿಯುತ್ತಿದ್ದಾರೆ. ಬೇರೆ ಯಾವ ಮನೆಯಾಗಿದ್ದರೂ ಯಾರಾದರೊಬ್ಬರು ಮೊದಲ ಕಾಯಿಗೇ ಥೂ ಎಂದು ಬೀಜ ಬಿಸಾಡುತ್ತಿದ್ದರು. ಇಲ್ಲಿ ಥೂ ಎನ್ನುವ ಬಾಯಿಯೇ ಹುಟ್ಟಿಲ್ಲ.

ಹೇಳಿದಳು. ಹೇಳದೆ ಇರಲಾರಳು. ತವರಿನಿಂದ ಬೇರೆ ಬೀಜ ತರಿಸೋಣ ಎಂದಳು. ಸಪ್ಪಲಮ್ಮ ದಾರದ ಉಂಡೆಯನ್ನು ಮಡಿಲಿಗೆ ಹಾಕಿಕೊಂಡಳು.

“ಮೊದ್ಲೆಲ್ಲ ಒಂದೋ ಎರಡೋ ಬಳ್ಳಿಗೆ ದಾರ ಕಟ್ತಿದ್ವಿ. ಈಗ ಅರ್ಧ ತೋಟಕ್ಕೆ ಅಮ್ಮನ ಕಾವಲೈತೆ. ವರ್ಷ ವರ್ಷ ಅಮ್ಮ ಕಣ್ ಬಿಡ್ತಾವ್ಳೆ. ಈಗ ನೀನು ಬಂದು ನರಿ ಮಾತು ಕೇಳು ಅಂತೀಯ.”

ತನಗೆ ಬೇಕಾದ್ದು ಇಡೀ ಲೋಕದ ಒಪ್ಪಿಗೆಯಲ್ಲ, ಈ ಮನೆಯ ಒಂದೇ ಒಂದು ಬಾಯಿ ‘ಹೌದು, ಕಹಿ’ ಅಂದರೆ ಸಾಕು ಎಂದು ಅಂಜನಮ್ಮನಿಗೆ ಅವತ್ತು ಅನ್ನಿಸಿತು. ಆಮೇಲಿನ ವರ್ಷಗಳನ್ನೆಲ್ಲ ಅವಳು ಆ ಒಂದು ಬಾಯಿಗಾಗಿ ಕಾಯುವುದರಲ್ಲೇ ಕಳೆದಳು.

ಮಗ ಹುಟ್ಟಿದ. ಮುನಿಕೃಷ್ಣಪ್ಪ ಎಂದು ಹೆಸರಿಟ್ಟರು. ಹಲ್ಲು ಬಂದದ್ದೇ ತಡ ಅವನ ಕೈಗೆ ಒಂದು ಸೌತೆಕಾಯಿ ಹೋಳು ಕೊಟ್ಟು ತಾಯಿ ಅವನ ಮುಖವನ್ನೇ ನೋಡುತ್ತಾ ಕೂತಳು. ಮಗು ಜೊಲ್ಲು ಸುರಿಸುತ್ತಾ ಚೀಪಿ, ಇನ್ನೊಂದಕ್ಕೆ ಕೈ ಚಾಚಿತು. “ಅವರಪ್ಪನ ಬಾಯಿ” ಎಂದು ಅಜ್ಜಿ ಎತ್ತಿಕೊಂಡು ಮುದ್ದಾಡಿದಳು. ಹೆತ್ತ ಮಗನ ಮೇಲೆ ಒಂದು ಕ್ಷಣ ಸಿಟ್ಟು ಬಂದದ್ದಕ್ಕೆ ಅಂಜನಮ್ಮ ನಾಚಿಕೊಂಡಳು, ಆದರೆ ಸಿಟ್ಟು ಬಂದದ್ದು ನಿಜ.

ಆ ಹೊತ್ತಿಗೆ ಬಸವನಗುಡಿ, ಶಂಕರಪುರಗಳಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಶಂಕರಪುರದ ತುಳಸಮ್ಮನವರ ಮನೆಯಲ್ಲಿ ರಾಮನವಮಿಯ ಭಜನೆ, ಬೀದಿಯವರಿಗೆಲ್ಲ ಪಾನಕ ಕೋಸಂಬರಿ. ಕೋಸಂಬರಿಗೆ ಒಂದು ಕುಕ್ಕೆ ಸೌತೆಕಾಯಿ ಬೇಕೆಂದು ಹೇಳಿಕಳುಹಿಸಿದರು. ಅತ್ತೆ ಸೊಸೆ ಇಬ್ಬರೂ ಹೊತ್ತುಕೊಂಡು ಹೋದರು.

“ಕಹಿ ಇಲ್ಲ ತಾನೇ?” ಎಂದು ಕೇಳಿದರು ತುಳಸಮ್ಮ.

“ಸಕ್ಕರೆ ಕಣಮ್ಮ” ಎಂದಳು ಸಪ್ಪಲಮ್ಮ.

ಅಂಜನಮ್ಮನಿಗೆ ತಡೆಯಲಾಗಲಿಲ್ಲ. “ಒಂದ್ಸಲ ತಿಂದು ನೋಡಿ ತೊಗೊಳಿ ಅಮ್ಮಾರೆ” ಎಂದಳು.

“ದೇವರಿಗೆ ಅಂತ ತರಿಸಿದ್ದನ್ನ ಮೊದಲೇ ತಿಂದು ಎಂಜಲು ಮಾಡೋಕಾಗತ್ತೇನಮ್ಮ?” ಎಂದು ತುಳಸಮ್ಮ ನಕ್ಕರು. ಅತ್ತೆ ಸೆರಗಿನ ಮರೆಯಲ್ಲಿ ಸೊಸೆಯ ತೋಳು ಚಿವುಟಿದಳು.

ಅಲ್ಲಿ ತೊಟ್ಟು ಕೊಯ್ದು ಉಜ್ಜಿದರು, ನೊರೆ ಬಂತು, ಕಹಿ ಹೋಯಿತೆಂದುಕೊಂಡರು. ನೈವೇದ್ಯವಾಯಿತು, ಮಂಗಳಾರತಿಯಾಯಿತು, ದೊನ್ನೆಗಳಲ್ಲಿ ಕೋಸಂಬರಿ ಬಂತು. ಮುಂದಿನ ಫಜೀತಿಯನ್ನು ಶಂಕರಪುರ ಬಹಳ ಕಾಲ ಮರೆಯಲಿಲ್ಲ. ಪ್ರಸಾದ, ಉಗಿಯುವಂತಿಲ್ಲ. ಪೇಟದವರೂ ಪಂಚೆಯವರೂ ಕೆನ್ನೆಯುಬ್ಬಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ, ಕಣ್ಣಲ್ಲಿ ನೀರು ತುಂಬಿಕೊಂಡು, ರಾಮ ರಾಮ ಎಂದು ನುಂಗಿದರು. ಕಣ್ಣೀರು ಭಕ್ತಿಯಿಂದ ಬಂತೆಂದು ತಿಳಿದು ಹಾರ್ಮೋನಿಯಮ್ಮಿನವರು ಇನ್ನೊಂದು ಕೀರ್ತನೆ ಎತ್ತಿಕೊಂಡರು. ಕೆಲವರು ಮಾತ್ರ ಏನೂ ಆಗದವರಂತೆ ಎರಡನೆಯ ದೊನ್ನೆ ಕೇಳಿ ತಿಂದರು, ಆ ಗಲಾಟೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಸಂಜೆಯ ಹೊತ್ತಿಗೆ ಎಷ್ಟೋ ಮಕ್ಕಳಿಗೆ ವಾಂತಿ.

ಮಾರನೆಯ ದಿನ ತುಳಸಮ್ಮ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಮಾತು, ಅದೂ ಅಂಜನಮ್ಮನನ್ನು. “ನಿಂಗೆ ಗೊತ್ತಿತ್ತು. ಬಾಯಿಬಿಟ್ಟು ಕಹಿ ಅಂತ ಯಾಕೆ ಹೇಳ್ಲಿಲ್ಲ?”

ಮನೆಗೆ ಬಂದರೆ ಅಲ್ಲಿ ಬೇರೆಯೇ ತೀರ್ಪು ಕಾದಿತ್ತು. “ನೀನು ಬಾಯಿ ಹಾಕಿದ್ದಕ್ಕೇ ಕಹಿಯಾಯ್ತು. ಇಷ್ಟು ವರ್ಷ ಇಲ್ಲದ್ದು ಅವತ್ತೆಲ್ಲಿಂದ ಬಂತು?” ಎಂದಳು ಅತ್ತೆ. ಹೇಳಲಿಲ್ಲ ಎಂದು ಅಲ್ಲಿ ಬೈಗುಳ, ಹೇಳಿದಳು ಎಂದು ಇಲ್ಲಿ ಬೈಗುಳ. ಕಹಿಬಾಯಿ ಎಂಬ ಹೆಸರು ತೋಟದ ಬೇಲಿ ದಾಟಿ ಬೀದಿಗೂ ಬಂತು. ಸೊಪ್ಪು ಬೀನ್ಸು ಹೇಗೋ ಹೋಗುತ್ತಿದ್ದವು, ಸೌತೆಕಾಯಿ ಶಂಕರಪುರದ ಒಂದು ಬಾಗಿಲಿಗೂ ಹೋಗಲಿಲ್ಲ. ಆದರೂ ಸಪ್ಪಲಮ್ಮ ದಾರ ಕಟ್ಟುವುದು ನಿಲ್ಲಿಸಲಿಲ್ಲ.

ಮಗಳು ಸುಬ್ಬಲಕ್ಷ್ಮಮ್ಮ ಹುಟ್ಟಿದ್ದು ಆಮೇಲೆ. ಮನೆಯವರ ಬಾಯಲ್ಲಿ ಸುಬ್ಬಿ. ಈ ಸಲ ತಾಯಿ ಆಸೆ ಇಟ್ಟುಕೊಳ್ಳಲಿಲ್ಲ, ಪರೀಕ್ಷೆಯನ್ನೂ ಮಾಡಲಿಲ್ಲ. ಒಂದು ದಿನ ಅಜ್ಜಿಯೇ ಮಗುವಿನ ಬಾಯಿಗೆ ಹೋಳು ಇಟ್ಟಳು. ಮಗು ತುಟಿ ಹಿಂಡಿತು, ನಾಲಿಗೆ ಹೊರಹಾಕಿತು, ತೋಟಕ್ಕೆಲ್ಲ ಕೇಳುವಂತೆ ಅತ್ತಿತು. ಅಂಜನಮ್ಮ ಕಳೆ ಕೀಳುತ್ತಿದ್ದವಳು ಕುಡುಗೋಲು ಬಿಸಾಡಿ ಓಡಿ ಬಂದಳು. ಅಳುವ ಮಗುವನ್ನು ಎದೆಗೊತ್ತಿಕೊಂಡು ಅವಳು ನಗುತ್ತಿದ್ದಳು. “ಅವಳಿಗೆ ಗೊತ್ತಾಯ್ತು ನೋಡಿ ಅತ್ತೆ, ಅವಳಿಗೂ ಗೊತ್ತಾಯ್ತು.”

ಸಪ್ಪಲಮ್ಮ ಮೊಮ್ಮಗಳ ಮುಖವನ್ನೂ ಸೊಸೆಯ ಮುಖವನ್ನೂ ಒಮ್ಮೆ ನೋಡಿದಳು.

“ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ” ಎಂದಳು.

ಎಂಥ ಮಾತು. ಹೊರಗಿನವರು ಹೇಳಿದರೆ ಅವರ ಬಾಯಿ ಸರಿಯಿಲ್ಲ. ಹಸು ಹೇಳಿದರೆ ಅದಕ್ಕೆ ಹೊಟ್ಟೆ ತುಂಬಿದೆ. ನರಿ ಹೇಳಿದರೆ ಅಮ್ಮನ ಕಾವಲು. ಸ್ವಂತ ಮೊಮ್ಮಗಳು ಹೇಳಿದರೆ ನೂಲಿನಂತೆ ಸೀರೆ, ತಾಯಿಯಂತೆ ಮಗಳು. ತಾಯಿಯಿಂದ ಬಂದ ನಾಲಿಗೆಯಾದ್ದರಿಂದಲೇ ಆ ನಾಲಿಗೆ ಸಾಕ್ಷಿಗೆ ಬಾರದು. ಹಾಗಾದರೆ ಇನ್ನು ಯಾರನ್ನು ಕರೆತರಬೇಕು?

ಮಗು ಬೆಳೆಯಿತು. ಅಜ್ಜಿಗೆ ಅವಳೆಂದರೆ ಪ್ರಾಣ. ಅಜ್ಜಿಯ ಮಡಿಲಲ್ಲೇ ಊಟ, ಅಜ್ಜಿಯ ಮಗ್ಗುಲಲ್ಲೇ ನಿದ್ದೆ. ಬರಬರುತ್ತಾ ಸುಬ್ಬಿ ಸೌತೆಕಾಯಿಗೆ ಅಳುವುದನ್ನು ನಿಲ್ಲಿಸಿದಳು. ಆಮೇಲೆ ಎಲ್ಲರಂತೆ ಅಗಿಯತೊಡಗಿದಳು. “ನೋಡು, ನಿನ್ ಬುದ್ಧಿ ಬಿಡ್ಸಿ ನಮ್ ಬುದ್ಧಿ ಕಲ್ಸಿದೀನಿ” ಎಂದಳು ಸಪ್ಪಲಮ್ಮ. ಎಳೆತನದಲ್ಲಿ ಎಲ್ಲ ಮಕ್ಕಳೂ ಉಗಿಯುತ್ತವೆ, ಅಷ್ಟೇ ಇದ್ದಿರಬೇಕು ಎಂದು ಅಂಜನಮ್ಮನೂ ಕೈ ಚೆಲ್ಲಿದಳು. ತನ್ನ ನಾಲಿಗೆಯ ಮೇಲೆಯೇ ಅವಳಿಗೆ ಅನುಮಾನ ಶುರುವಾಗಿತ್ತು.

ಸುಬ್ಬಿಗೆ ಐದಾರು ವರ್ಷವಾದಾಗ ರಾಮನವಮಿಗೆ ಪೇಟೆಯಲ್ಲಿ ಸೌತೆಕಾಯಿಗೆ ಬರ. ಬೇರೆಲ್ಲೂ ಸಿಗದೆ ತುಳಸಮ್ಮ ತಾವೇ ತೋಟದ ತನಕ ಬಂದರು. ಹಳೆಯದನ್ನು ಎತ್ತಲಿಲ್ಲ, ಮರೆಯಲೂ ಇಲ್ಲ. ಹೊರಗೆ ಏನನ್ನೂ ಬಾಯಿಗಿಡುವವರಲ್ಲವಾದ್ದರಿಂದ ಅತ್ತ ಇತ್ತ ನೋಡಿ ಸುಬ್ಬಿಯನ್ನು ಹತ್ತಿರ ಕರೆದರು.

“ಮಕ್ಕಳು ಸುಳ್ಳು ಹೇಳಲ್ಲ. ಮಗೂ, ನೀನು ತಿಂದು ಹೇಳು. ಕಹಿನಾ, ಸಿಹಿನಾ?”

“ನಮ್ಮನೇಲಿ ಸುಳ್ ಹೇಳೋರೇ ಹುಟ್ಟಿಲ್ಲ ಕಣಮ್ಮ” ಎಂದು ಅಜ್ಜಿ ಮೊಮ್ಮಗಳ ಕೈಗೆ ಕಾಯಿ ಕೊಟ್ಟಳು.

ಸುಬ್ಬಿ ಕಚ್ಚಿ ಅಗಿದು ನುಂಗಿದಳು. ಅಜ್ಜಿಯನ್ನು ನೋಡಿದಳು, ಆಮೇಲೆ ಅಮ್ಮನನ್ನು. “ಸಿಹಿ” ಎಂದಳು.

ತುಳಸಮ್ಮ ಒಂದು ಕುಕ್ಕೆ ಕಳುಹಿಸಲು ಹೇಳಿ ಹೊರಟರು. ಸಪ್ಪಲಮ್ಮ ದೊಡ್ಡ ಮನೆಯವರನ್ನು ಬೇಲಿಯ ತನಕ ಬಿಟ್ಟು ಬರಲು ಹೋದಳು. ಬಚ್ಚಪ್ಪ ಕುಕ್ಕೆ ತುಂಬತೊಡಗಿದ. ಸುಬ್ಬಿ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೋದ ಅಂಜನಮ್ಮನಿಗೆ ಅವಳು ಸಿಕ್ಕಿದ್ದು ಎತ್ತುಗಳು ನೀರೆಳೆಯುವ ಕಪಿಲೆ ಬಾವಿಯ ಕಾಲುವೆಯ ಹತ್ತಿರ. ಬಗ್ಗಿ ಬಾಯಿ ಮುಕ್ಕಳಿಸುತ್ತಿದ್ದಳು, ಬೆರಳಿಂದ ನಾಲಿಗೆ ತಿಕ್ಕಿಕೊಂಡು ಮತ್ತೆ ಮುಕ್ಕಳಿಸುತ್ತಿದ್ದಳು.

“ಕಹಿ ಅಲ್ವೇನೇ?”

ಸುಬ್ಬಿ ಬೆಚ್ಚಿ ತಿರುಗಿದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ತಲೆಯಾಡಿಸಿದಳು. “ಯಾವಾಗ್ಲೂ ಕಹಿನೇ ಅಮ್ಮ.”

“ಮತ್ತೆ ಸಿಹಿ ಅಂದೆ?”

“ನಾನು ಕಹಿ ಅಂದ್ರೆ ಅಜ್ಜಿ ನಿನ್ನ ಬೈತಾಳೆ.”

ಇಷ್ಟು ವರ್ಷ ಕಾದ ಮಾತು ಸಿಕ್ಕಿತ್ತು, ಅದೂ ಕಾಲುವೆಯ ಮರೆಯಲ್ಲಿ, ಪಿಸುಮಾತಿನಲ್ಲಿ. ಅಂಜನಮ್ಮನಿಗೆ ಸಂತೋಷವಾಗಲಿಲ್ಲ. ಮೈಯೆಲ್ಲ ಉರಿಯಿತು. ಅವಳು ಸೀದಾ ಬಂದು, ತುಂಬಿದ್ದ ಕುಕ್ಕೆಯನ್ನು ಗಂಡನ ಕೈಯಿಂದ ಕಿತ್ತು ನೆಲಕ್ಕೆ ಸುರಿದಳು. ಕಾಯಿಗಳು ಹಸುವಿನ ಕಾಲಿನವರೆಗೂ ಉರುಳಿದವು. ಬೇಲಿಯ ಕಡೆಯಿಂದ ಸಪ್ಪಲಮ್ಮ ಏದುಸಿರು ಬಿಡುತ್ತಾ ಬಂದಳು.

“ಏನೇ ಇದು? ಯಾಕೆ ಸುರಿದೆ?”

“ಕಹಿ.”

“ಯಾರಿಗೆ ಕಹಿ?”

ಮಗಳು ಹಿಂದೆಯೇ ನಿಂತಿದ್ದಳು. ಬೆರಳು ಮಾಡಿ ತೋರಿಸಿದ್ದರೆ ಸಾಕಿತ್ತು. ಅಂಜನಮ್ಮ ತೋರಿಸಲಿಲ್ಲ.

“ನಂಗೆ” ಎಂದಳು. “ನಂಗೊಬ್ಳಿಗೇ.”

ಹಿಂದಿನಿಂದ ಯಾರೋ ಸೆರಗು ಹಿಡಿದುಕೊಂಡರು. “ನಂಗೂ ಅಜ್ಜಿ” ಎಂದಳು ಸುಬ್ಬಿ. “ಆಗ ನಾನು ಹೇಳಿದ್ದು ಸುಳ್ಳು. ದಿನಾ ಹೇಳಿದ್ದೂ ಸುಳ್ಳು.”

ಬಚ್ಚಪ್ಪ ತಾಯಿಯನ್ನು ನೋಡಿದ. ಸಪ್ಪಲಮ್ಮ ಗದರಲಿಲ್ಲ, ಗಾದೆಯನ್ನೂ ಹೇಳಲಿಲ್ಲ. ಸುಳ್ಳು ಎಂಬ ಮಾತಿಗೆ ಅವಳು ಸಿದ್ಧಳಾಗಿರಲಿಲ್ಲ. ನಿಧಾನವಾಗಿ ಸಾಲಿನ ಕಡೆ ನಡೆದು, ಅರಿಶಿನದ ದಾರ ಕಟ್ಟಿದ ಬಳ್ಳಿಯಿಂದ ಒಂದು ಕಾಯಿ ಕಿತ್ತು, ಬದುವಿನ ಮೇಲೆ ಕೂತು ಕಚ್ಚಿದಳು. ಕಣ್ಣು ಮುಚ್ಚಿ ಅಗಿದಳು. ತುದಿಯಲ್ಲಿ ಕಚ್ಚಿದಳು, ನಡುವೆ ಕಚ್ಚಿದಳು, ಬೀಜವನ್ನು ಬೇರೆಯಾಗಿ ಚೀಪಿದಳು.

“ಎಲ್ಲೈತಮ್ಮಿ?” ಎಂದಳು ಕೊನೆಗೆ. “ನರಿಗೆ ಸಿಕ್ತದೆ, ಮಗೀಗೆ ಸಿಕ್ತದೆ, ನಂಗ್ಯಾಕೆ ಸಿಕ್ಕಲ್ಲ?”

ಅಂಜನಮ್ಮ ಪಕ್ಕದಲ್ಲಿ ಕೂತಳು. ಇನ್ನೊಂದು ಕಾಯಿ ಕಿತ್ತು, ತೊಟ್ಟು ಕೊಯ್ದು, ಆ ತುಂಡಿನಿಂದ ಗರಗರ ಉಜ್ಜಿದಳು. ಬಿಳಿ ನೊರೆ ಬಂತು. ಈ ಸಲ ಯಾರೂ ನಗಲಿಲ್ಲ. ಮುದುಕಿ ಆ ನೊರೆಯನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡು, ಬಾಯಿ ಮುಚ್ಚಿ ಕಾದಳು. ಸೊಸೆಯೂ ಮೊಮ್ಮಗಳೂ ಅವಳ ಮುಖವನ್ನೇ ನೋಡುತ್ತಿದ್ದರು.

“ಇಲ್ಲ” ಎಂದಳು ಸಪ್ಪಲಮ್ಮ. “ಇನ್ನೊಂಚೂರು ಉಜ್ಜು.”